ಒಂದೆಕರೆ ಬಿಸಿಲು ಎಷ್ಟು ತೂಗುತ್ತದೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪ್ರೌಢಶಾಲೆ ಹಾಗೂ ಪಿಯು ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಜಿಲ್ಲೆ: ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ಆ ಹೆಸರು ಕಾಣುತ್ತದೆ. ಈ ಸಲ ಎಷ್ಟನೇ ಸ್ಥಾನ ಎಂದು ಎಲ್ಲರೂ ಹುಡುಕುತ್ತಾರೆ. ನಾನು ಈ ಪತ್ರ ಬರೆಯುತ್ತಿರುವುದು ಸ್ಥಾನದ ಮಾತಿಗಲ್ಲ. ಯಾವ ಪ್ರಶ್ನೆಪತ್ರಿಕೆಯಲ್ಲೂ ಬಾರದ, ಆದರೆ ನಿಮ್ಮ ತಲೆಯಲ್ಲಿ ಏಳುತ್ತಲೇ ಇರುವ ಪ್ರಶ್ನೆಗಳ ಮಾತಿಗೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಈ ಸೀಮೆಯಲ್ಲಿ ಭೌತಶಾಸ್ತ್ರ ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೂ ಮಕ್ಕಳು ಸಿಗುತ್ತಾರೆ: ಗ್ರಂಥಾಲಯದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ. ಮೊಬೈಲಿನಲ್ಲಿ ಏನನ್ನೋ ನೋಡಿರುತ್ತಾರೆ. “ಸಾರ್, ಬೆಳಕಿಗಿಂತ ಜೋರಾಗಿ ಹೋಗೋಕಾಗಲ್ಲ ಅಂತಾರಲ್ಲ, ಯಾರು ತಡೀತಾರೆ?” “ಎಲೆಕ್ಟ್ರಾನು ಒಂದೇ ಸಲ ಎರಡು ಕಡೆ ಇರುತ್ತಂತೆ, ಹೌದಾ?” “ಪ್ರೋಟಾನೆಲ್ಲ ಪಾಸಿಟಿವ್ವು, ಮತ್ತೆ ನ್ಯೂಕ್ಲಿಯಸ್ಸಲ್ಲಿ ಹೆಂಗೆ ಒಟ್ಟಿಗಿರ್ತಾವೆ?” “ಬಿಗ್ ಬ್ಯಾಂಗಿಗೆ ಮುಂಚೆ ಏನಿತ್ತು?” ಕೊನೆಗೆ ಎಲ್ಲರದೂ ಒಂದೇ ಮಾತು: “ಇದನ್ನೆಲ್ಲ ಕಲೀಬೇಕು ಸಾರ್, ಎಲ್ಲಿಂದ ಶುರು ಮಾಡೋದು?”

ಹೀಗೆ ಕೇಳಿದಾಗಲೆಲ್ಲ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತು. ಅವನು ಪಾವಗಡ ಕಡೆಯ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬೀಳುವ ದ್ಯುತಿವಿದ್ಯುತ್ ಪರಿಣಾಮದ ಪಾಠ ನಡೆದಿತ್ತು. ಹಿಂದಿನ ಬೆಂಚಿನಿಂದ ಎದ್ದು ನಿಂತು ಕೇಳಿದ: “ಸಾರ್, ಬೆಳಕಿಗೆ ತೂಕಾನೇ ಇಲ್ಲ ಅಂದ್ರಿ. ತೂಕ ಇಲ್ದೇ ಇರೋದು ಎಲೆಕ್ಟ್ರಾನನ್ನ ಹೆಂಗೆ ಆಚೆ ನೂಕುತ್ತೆ?”

ನನ್ನ ಹತ್ತಿರ ಸೂತ್ರವಿತ್ತು, ಉತ್ತರವಿರಲಿಲ್ಲ. “ಇದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಅಂದೆ. ಅವನು ಕೂತ. ಆ ವರ್ಷ ಮುಗಿಯುವವರೆಗೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆ ದಿನ ನಾನು ಆಡಿದ ಮಾತು ತಪ್ಪು. ಆ ತಪ್ಪನ್ನು ಒಪ್ಪಿಕೊಂಡು, ಅವನಿಗೆ ಕೊಡಬೇಕಿದ್ದ ಉತ್ತರವನ್ನು ನಿಮಗೆ ಕೊಡುತ್ತೇನೆ. ಎಲ್ಲಿಂದ ಶುರು ಮಾಡಬೇಕೆಂಬುದೂ ಅದರಲ್ಲೇ ಇದೆ.

ಚಲಿಸುವ ವಸ್ತುವಿಗೆ ಸಂವೇಗ ಇರುತ್ತದೆಂದು ಒಂಬತ್ತನೇ ತರಗತಿಯಲ್ಲಿ ಓದಿದ್ದೀರಿ. ರಾಶಿಯನ್ನು ವೇಗದಿಂದ ಗುಣಿಸಿದರೆ ಅದು ಸಿಗುತ್ತದೆ. ಬೆಳಕಿಗೆ ರಾಶಿ ಇಲ್ಲ, ಆದರೂ ಸಂವೇಗ ಇದೆ. ಅದರ ಶಕ್ತಿಯನ್ನು ಅದರ ವೇಗದಿಂದ ಭಾಗಿಸಿದರೆ ಸಿಗುವುದೇ ಅದರ ಸಂವೇಗ. ಬೆಳಕು ನೂಕುತ್ತದೆ ಎಂಬುದನ್ನು ರಷ್ಯಾದ ಪ್ಯೋತರ್ ಲೆಬೆಡೆವ್ ಪ್ರಯೋಗದಲ್ಲಿ ಅಳೆದು 1901ರಲ್ಲಿ ಪ್ರಕಟಿಸಿದರು.

ಈಗ ಪೆನ್ಸಿಲ್ ತಗೊಳ್ಳಿ. ಪಾವಗಡದ ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. 1000ವನ್ನು 30 ಕೋಟಿಯಿಂದ ಭಾಗಿಸಿ: ಒಂದು ನ್ಯೂಟನ್ನಿನ ಹತ್ತು ಲಕ್ಷದಲ್ಲಿ 3.3 ಪಾಲು. ಒಂದು ಎಕರೆ ಎಂದರೆ 4047 ಚದರ ಮೀಟರ್, ಅದರಿಂದ ಗುಣಿಸಿ. ಸುಮಾರು 0.0135 ನ್ಯೂಟನ್ ಬರುತ್ತದೆ. ಅಂದರೆ ಒಂದೆಕರೆ ಹೊಲದ ಮೇಲೆ ಸುರಿಯುವ ಬಿಸಿಲೆಲ್ಲ ಸೇರಿ ನೆಲವನ್ನು ನೂಕುವ ಬಲ ಸುಮಾರು 1.4 ಗ್ರಾಂ ತೂಕಕ್ಕೆ ಸಮ. ಎರಡು ಮೂರು ಕಡಲೆಕಾಯಿ ಬೀಜ ಅಂಗೈಯಲ್ಲಿಟ್ಟುಕೊಳ್ಳಿ, ಅಷ್ಟೇ. ಪಾವಗಡದ ಸೋಲಾರ್ ಪಾರ್ಕ್ ಹರಡಿರುವ 13,000 ಎಕರೆಯ ಬಿಸಿಲನ್ನೆಲ್ಲ ಕೂಡಿಸಿದರೂ ಹದಿನೆಂಟು ಕಿಲೋ ಆಗುತ್ತದೆ, ಒಬ್ಬರು ಹೊತ್ತು ನಡೆಯಬಹುದಾದ ಮೂಟೆ.

ಇದರಲ್ಲಿ ಇದ್ದದ್ದು ಒಂದು ಭಾಗಾಕಾರ, ಎರಡು ಗುಣಾಕಾರ. “ಬೆಳಕಿಗೆ ಸಂವೇಗವಿದೆ” ಎಂದು ನಾನು ಬರೀ ಹೇಳಿದ್ದರೆ ಅದು ನನ್ನ ಮಾತಾಗಿ ಉಳಿಯುತ್ತಿತ್ತು. ಲೆಕ್ಕ ಮಾಡಿದ ಮೇಲೆ ಅದು ನಿಮ್ಮದಾಯಿತು. ಈ ಪತ್ರದಲ್ಲಿ ನಾನು ಹೇಳಬೇಕಾದ್ದು ಇದೊಂದೇ: ಉತ್ತರ ಕೇಳಿಸಿಕೊಂಡು ತೃಪ್ತರಾಗಬೇಡಿ. ಅಳೆದು, ಲೆಕ್ಕ ಹಾಕಿ, ಅದನ್ನು ನಿಮ್ಮದು ಮಾಡಿಕೊಳ್ಳಿ.

ಹುಡುಗನ ಪ್ರಶ್ನೆಯಲ್ಲಿ ಇನ್ನೂ ಅರ್ಧ ಉಳಿದಿದೆ. ಇಷ್ಟು ಅಲ್ಪ ಬಲದ ಬೆಳಕು ಎಲೆಕ್ಟ್ರಾನನ್ನು ಹೊರಗೆ ಹೇಗೆ ತಂದೀತು? ನೂಕಿ ಅಲ್ಲ, ಶಕ್ತಿ ಕೊಟ್ಟು. ಬೆಳಕು ತನ್ನ ಶಕ್ತಿಯನ್ನು ಹೊಳೆಯ ನೀರಿನಂತೆ ಹರಿಸುವುದಿಲ್ಲ, ಗಂಟು ಗಂಟಾಗಿ ಕೊಡುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದರು. ಆ ಗಂಟಿಗೇ ನಾವು ಇಂದು ಫೋಟಾನ್ ಅನ್ನುವುದು. ನಮ್ಮ ಕಡೆ ಹುಣಸೆಮರಕ್ಕೆ ಕಲ್ಲು ಹೊಡೆಯದ ಮಕ್ಕಳಿಲ್ಲ. ಮುಷ್ಟಿ ಮುಷ್ಟಿ ಮರಳು ಎರಚಿದರೆ ಒಂದು ಕಾಯೂ ಬೀಳುವುದಿಲ್ಲ, ಎರಚಿದ ಮರಳು ಎಷ್ಟೇ ಆಗಲಿ. ತಕ್ಕ ತೂಕದ ಒಂದು ಕಲ್ಲು ತಾಗಿದರೆ ಕಾಯಿ ಬೀಳುತ್ತದೆ. ಕೆಂಪು ಬೆಳಕಿನ ಗಂಟು ಚಿಕ್ಕದು, ನೀಲಿಯದು ದೊಡ್ಡದು. ಚಿಕ್ಕ ಗಂಟುಗಳನ್ನು ಎಷ್ಟು ಸುರಿದರೂ ಆಗದ ಕೆಲಸವನ್ನು ದೊಡ್ಡ ಗಂಟು ಒಂದೇ ಏಟಿಗೆ ಮಾಡುತ್ತದೆ. ಈ ಹೋಲಿಕೆ ಇಷ್ಟು ದೂರಕ್ಕೆ ಮಾತ್ರ ಊರುಗೋಲು. ಫೋಟಾನ್ ಕಲ್ಲಲ್ಲ, ಅದನ್ನು ಎಲೆಕ್ಟ್ರಾನ್ ಪೂರ್ತಿ ನುಂಗುತ್ತದೆ.

ತಿರುಮಣಿ, ವಳ್ಳೂರು, ಬಳಸಮುದ್ರದ ಮಕ್ಕಳು ದಿನವೂ ನೋಡುವ ಸೋಲಾರ್ ಫಲಕಗಳ ಒಳಗೂ ಹತ್ತಿರ ಹತ್ತಿರ ಇದೇ ನಡೆಯುತ್ತದೆ. ಅಲ್ಲಿ ಎಲೆಕ್ಟ್ರಾನ್ ಹೊರಗೆ ಹಾರುವುದಿಲ್ಲ. ಸಿಲಿಕಾನಿನ ಒಳಗೇ ಕಟ್ಟು ಬಿಚ್ಚಿಕೊಂಡು ಓಡಾಡಲು ಶುರುಮಾಡುತ್ತದೆ. ಹಾಗಾಗಲು ಒಂದು ಫೋಟಾನಿನಲ್ಲಿ ಕನಿಷ್ಠ 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅದಕ್ಕಿಂತ ಕಡಿಮೆಯ ಕಿರಣ ಎಷ್ಟು ಬಿದ್ದರೂ ಕರೆಂಟ್ ಹುಟ್ಟದು. ಮಳೆ ಕೈಕೊಡುತ್ತಿದ್ದ ನೆಲವನ್ನು ನಿಮ್ಮ ಮನೆಯ ಹಿರಿಯರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಅಲ್ಲಿ 2,050 ಮೆಗಾವ್ಯಾಟಿನ ಪಾರ್ಕ್ ಎದ್ದಿತು. ಆ ನೆಲದ ಮೇಲೆ ಏನು ನಡೆಯುತ್ತಿದೆ ಎಂದು ಅರಿಯುವ ಹಕ್ಕು ಎಲ್ಲರಿಗಿಂತ ಮೊದಲು ನಿಮ್ಮದು.

ಮಧುಗಿರಿಯ ಮಕ್ಕಳೇ, ನಿಮ್ಮ ಏಕಶಿಲಾ ಬೆಟ್ಟ ನೋಡಿ. ಅದು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಉದ್ದನೆಯ ಶಿಲಾಪಟ್ಟಿಗೆ ಸೇರಿದ್ದು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಕಲ್ಲಿನ ವಯಸ್ಸು ಹೇಳಿದವರು ಯಾರು? ಅದರೊಳಗಿನ ಜಿರ್ಕಾನ್ ಎಂಬ ಸಣ್ಣ ಹರಳುಗಳಲ್ಲಿ ಸೇರಿಕೊಂಡ ಯುರೇನಿಯಂ. ಯುರೇನಿಯಂ 238 ನಿಧಾನವಾಗಿ ಸೀಸವಾಗುತ್ತದೆ. ಅರ್ಧ ಮುಗಿಯಲು 447 ಕೋಟಿ ವರ್ಷ ಬೇಕು. ಹಾಗಾಗಿ 250 ಕೋಟಿ ವರ್ಷದ ಕಲ್ಲಿನಲ್ಲಿ ನೂರಕ್ಕೆ ಸುಮಾರು 68 ಯುರೇನಿಯಂ ಪರಮಾಣುಗಳು ಉಳಿದಿರಬೇಕು, 32 ಸೀಸವಾಗಿರಬೇಕು. ಯಾವ ಪರಮಾಣು ಯಾವಾಗ ಒಡೆಯುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರರು, ಆದರೂ ಕೋಟಿ ಕೋಟಿ ಪರಮಾಣು ಸೇರಿದಾಗ ಗಡಿಯಾರ ತಪ್ಪುವುದಿಲ್ಲ. ಕ್ವಾಂಟಂ ಭೌತಶಾಸ್ತ್ರದ ಈ ಆಳವಾದ ವಿಚಾರ ನೀವು ಹತ್ತಿ ಇಳಿಯುವ ಬಂಡೆಯೊಳಗಿದೆ.

ಶಿರಾದ ಹೆದ್ದಾರಿಯಲ್ಲಿ ಲಾರಿ ಓಡಿಸುವವರ ಮೊಬೈಲಿನಲ್ಲಿ ದಾರಿ ತೋರಿಸುವ ನಕ್ಷೆ ಇರುತ್ತದೆ. ಅದಕ್ಕೆ ಸಮಯ ಹೇಳುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಉಪಗ್ರಹದ ವೇಗದಿಂದಾಗಿ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಉಳಿದದ್ದು 38. ಬೆಳಕು ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್ ಹೋಗುತ್ತದೆ, ನೀವೇ ಗುಣಿಸಿ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಈ ತಿದ್ದುಪಡಿ ಮಾಡದೆ ಬಿಟ್ಟರೆ ಒಂದೇ ದಿನದಲ್ಲಿ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ತಪ್ಪು ಕೂಡಿಕೊಳ್ಳುತ್ತದೆ.

ಕೊರಟಗೆರೆಗೆ ಹೊಂದಿಕೊಂಡ ತುಮಕೂರು ತಾಲ್ಲೂಕಿನಲ್ಲಿ ಬೆಳ್ಳಾವಿ ಇದೆ. ಬೆಳ್ಳಾವೆ ವೆಂಕಟನಾರಣಪ್ಪನವರು ಆ ಊರಿನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು ನಂಗಾಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಶುರುಮಾಡಿದರು. ನಮ್ಮ ಪೂರ್ವದ ಗಡಿ ದಾಟಿದರೆ ಗೌರಿಬಿದನೂರು. ಅಲ್ಲಿಯ ಹೊಸೂರಿನಿಂದ 1935ರಲ್ಲಿ ಒಬ್ಬ ಹುಡುಗ ಓದಲೆಂದು ಬೆಂಗಳೂರಿಗೆ ನಡೆದೇ ಹೋದ. ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದ ಅವರೇ ಎಚ್. ನರಸಿಂಹಯ್ಯನವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಪ್ರಶ್ನೆ ಕೇಳುವುದನ್ನು ಒಂದು ಊರಿಗೇ ರೂಢಿ ಮಾಡಿಸಿದರು. ಅದೇ ಗೌರಿಬಿದನೂರಿನ ಬಳಿ 1976ರಿಂದ ಆಕಾಶದ ರೇಡಿಯೊ ತರಂಗಗಳಿಗೆ ಕಿವಿಗೊಟ್ಟ ದೂರದರ್ಶಕವಿದೆ. ಇನ್ನೂ ಪೂರ್ವಕ್ಕೆ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳನ್ನು ವಿಜ್ಞಾನಿಗಳು 1965ರಲ್ಲಿ ಗುರುತಿಸಿದರು. ಜಗತ್ತಿನಲ್ಲೇ ಅಂಥ ಮೊದಲ ದಾಖಲೆಗಳಲ್ಲಿ ಅದೂ ಒಂದು. ಹಾಗಾಗಿ, ಆಧುನಿಕ ಭೌತಶಾಸ್ತ್ರ ದೂರದವರದು, ದೊಡ್ಡ ಊರಿನವರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಕಲಿಯುವ ಬಗೆ. ನಾನು ತಡವಾಗಿ ಕಲಿತದ್ದನ್ನು ನೀವು ಬೇಗ ಕಲಿಯಲಿ ಎಂದು ಐದು ವಿನಂತಿ ಮಾಡುತ್ತೇನೆ.

ಮೊದಲನೆಯದು, ಪ್ರಶ್ನೆಗಳಿಗೇ ಒಂದು ನೋಟ್‌ಬುಕ್ ಇಡಿ. ದಿನಾಂಕ ಹಾಕಿ, ನಿಮ್ಮ ಮಾತಿನಲ್ಲೇ, ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆಯಿರಿ. ಎಡಪುಟದಲ್ಲಿ ಪ್ರಶ್ನೆ, ಬಲಪುಟ ಖಾಲಿ ಬಿಡಿ. ಉತ್ತರಕ್ಕೆ ಒಮ್ಮೊಮ್ಮೆ ಮೂರು ವರ್ಷ ಹಿಡಿಯಬಹುದು. ಪ್ರೋಟಾನುಗಳ ಪ್ರಶ್ನೆಗೆ ಉತ್ತರವಿದೆ: ಬಹಳ ಹತ್ತಿರ ಬಂದಾಗ ಮಾತ್ರ ಹಿಡಿಯುವ, ವಿದ್ಯುತ್ತಿನ ವಿಕರ್ಷಣೆಯನ್ನೂ ಮೀರಿಸುವ ಪ್ರಬಲ ಬಲವೊಂದು ಅವುಗಳನ್ನು ಕೂಡಿಸಿಟ್ಟಿದೆ. ಬೆಳಕಿನ ವೇಗದ ಪ್ರಶ್ನೆಗೂ ಇದೆ: ಯಾರೂ ತಡೆಯುವುದಿಲ್ಲ, ರಾಶಿಯುಳ್ಳ ವಸ್ತು ಆ ವೇಗವನ್ನು ಸಮೀಪಿಸಿದಂತೆ ಅದಕ್ಕೆ ಬೇಕಾಗುವ ಶಕ್ತಿ ಕೊನೆಯಿಲ್ಲದೆ ಏರುತ್ತದೆ. ಬಿಗ್ ಬ್ಯಾಂಗಿಗೆ ಮುಂಚಿನ ಪ್ರಶ್ನೆಗೆ ಉತ್ತರ ಇನ್ನೂ ಯಾರ ಬಳಿಯೂ ಇಲ್ಲ. ಆ ಬಲಪುಟ ಖಾಲಿಯೇ ಇರಲಿ.

ಎರಡನೆಯದು, ಗಣಿತವನ್ನು ದಾಟಿ ಹೋಗುವ ಅಡ್ಡದಾರಿ ಹುಡುಕಬೇಡಿ. ಅನುಪಾತ, 10ರ ಘಾತಗಳು, ಗ್ರಾಫ್, ತ್ರಿಕೋನಮಿತಿ ಎಸ್ಸೆಸ್ಸೆಲ್ಸಿಯೊಳಗೆ ಗಟ್ಟಿಯಾಗಲಿ. ಸದಿಶ ಮತ್ತು ಕಲನಶಾಸ್ತ್ರ ಪಿಯುದಲ್ಲಿ ಬರುತ್ತವೆ. ಜೊತೆಗೆ ಹಳೆಯ ಭೌತಶಾಸ್ತ್ರ ಬೇಕು: ಶಕ್ತಿ, ಸಂವೇಗ, ಅಲೆ. ಬೆಟ್ಟ ಹತ್ತುವವರು ಬುಡದ ಮೆಟ್ಟಿಲು ಬಿಟ್ಟು ಹತ್ತುವುದಿಲ್ಲ. ಆದರೆ ಎಲ್ಲ ಮೆಟ್ಟಿಲು ಮುಗಿದ ಮೇಲೇ ನೋಟ ಎಂದೂ ಅಲ್ಲ. ಓಡುವ ಗಡಿಯಾರ ಯಾಕೆ ನಿಧಾನವಾಗುತ್ತದೆಂಬುದನ್ನು ತೋರಿಸಲು ಬೇಕಾದ ಗಣಿತ ಪೈಥಾಗೊರಸ್ ಪ್ರಮೇಯ ಒಂದೇ. ಎದುರು ಬದುರು ಎರಡು ಕನ್ನಡಿ, ನಡುವೆ ಪುಟಿಯುವ ಬೆಳಕು, ಓಡುವ ರೈಲು: ಇಷ್ಟನ್ನು ಚಿತ್ರ ಬರೆದು, ನಿಮ್ಮ ಮೇಷ್ಟ್ರ ಬಳಿ ಕೂತು ಬಿಡಿಸಿ.

ಮೂರನೆಯದು, ಕೈಯಿಂದ ಮಾಡಿ. ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುವ ಕೆಂಪು, ಹಸಿರು, ನೀಲಿ ಎಲ್‌ಇಡಿಗಳು, ಒಂದು ರೆಸಿಸ್ಟರ್, ವೋಲ್ಟೇಜ್ ಏರಿಸಿ ಇಳಿಸಲು ಒಂದು ವಾಲ್ಯೂಮ್ ಕಂಟ್ರೋಲ್, 9 ವೋಲ್ಟ್ ಬ್ಯಾಟರಿ, ಮಲ್ಟಿಮೀಟರ್ ಸಾಕು. ಕತ್ತಲ ಕೋಣೆಯಲ್ಲಿ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಎಲ್‌ಇಡಿ ಮಿಣುಕ್ ಎಂದು ಹೊತ್ತಿದ ಕ್ಷಣದ ಅಂಕಿ ಬರೆದುಕೊಳ್ಳಿ. ಕೆಂಪಿಗೆ ಸಾಕಾದ ವೋಲ್ಟು ನೀಲಿಗೆ ಸಾಲದು. ಆ ವೋಲ್ಟು, ಎಲೆಕ್ಟ್ರಾನಿನ ಆವೇಶ, ಬೆಳಕಿನ ತರಂಗದೂರ ಮೂರನ್ನೂ ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದರೆ ಪ್ಲಾಂಕ್ ಸ್ಥಿರಾಂಕ ಸಿಗುತ್ತದೆ, ಹತ್ತಿಪ್ಪತ್ತು ಪರ್ಸೆಂಟ್ ಹೆಚ್ಚು ಕಡಿಮೆ. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಯಾವ ಅಂಕಿಯಿಂದ ಹೊಸ ಭೌತಶಾಸ್ತ್ರದ ಬಾಗಿಲು ತೆರೆದರೋ ಆ ಅಂಕಿ ನಿಮ್ಮ ನೋಟ್‌ಬುಕ್ಕಿಗೆ ಬರುತ್ತದೆ. ಬ್ಯಾಟರಿ ಬಿಟ್ಟು ಮನೆಯ ಕರೆಂಟಿಗೆ ಕೈ ಹಾಕಬೇಡಿ. ಸೋಲಾರ್ ಪಾರ್ಕಿನ ವೈರುಗಳ ಹತ್ತಿರವಂತೂ ಹೋಗಲೇಬೇಡಿ. ಇದು ಅಪ್ಪಣೆ ಎಂದೇ ತಿಳಿಯಿರಿ.

ನಾಲ್ಕನೆಯದು, ಭಾಷೆಯ ಅಂಜಿಕೆ ಬಿಡಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯು ವಿಜ್ಞಾನಕ್ಕೆ ಸೇರಿದ ಎಷ್ಟೋ ಜಾಣ ಮಕ್ಕಳು ಮೊದಲ ಮೂರು ತಿಂಗಳಲ್ಲೇ ಬಾಯಿ ಮುಚ್ಚಿ ಕೂರುವುದನ್ನು ಕಂಡಿದ್ದೇನೆ. ಅವರಿಗೆ ಭೌತಶಾಸ್ತ್ರ ಬಾರದೆ ಅಲ್ಲ, ಇಂಗ್ಲಿಷ್ ಪದ ಸಿಗದೆ. ಒಂದು ಪುಟವನ್ನು ಎರಡು ಸಾಲು ಮಾಡಿ: ಸಂವೇಗದ ಎದುರು ಮೊಮೆಂಟಮ್, ಅರ್ಧಾಯುವಿನ ಎದುರು ಹಾಫ್ ಲೈಫ್. ದಿನಕ್ಕೆ ಐದು ಪದ ಸಾಕು. ವಿಚಾರ ಕನ್ನಡದಲ್ಲಿ ಹೊಳೆಯಲಿ, ಇಂಗ್ಲಿಷಿನಲ್ಲಿ ಬರೆಯಲು ಬರಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ. ಜಿ.ಟಿ. ನಾರಾಯಣರಾಯರ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಕೇಳಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆ ಸಿಕ್ಕರೂ ಓದಿ. ಇಂಗ್ಲಿಷ್ ಸ್ವಲ್ಪ ಪಳಗಿದ ಮೇಲೆ ರಿಚರ್ಡ್ ಫೈನ್‌ಮನ್ನರ ಉಪನ್ಯಾಸಗಳು ಅಂತರ್ಜಾಲದಲ್ಲಿ ಉಚಿತವಾಗಿವೆ.

ಐದನೆಯದು, ವಿಡಿಯೊ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಎಲೆಕ್ಟ್ರಾನ್ ಎರಡು ಕಡೆ ಇರುತ್ತದೆ ಎಂಬುದು ಅರ್ಧ ಮಾತು. ಅಳೆದಾಗ ಅದು ಒಂದೇ ಕಡೆ ಸಿಗುತ್ತದೆ. ಅಳೆಯುವ ಮುಂಚೆ ಎಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನು ಒಂದು ಅಲೆಯಂತೆ ಲೆಕ್ಕ ಹಾಕುತ್ತೇವೆ. ಹತ್ತು ನಿಮಿಷದ ವಿಡಿಯೊ ಕುತೂಹಲ ಹೊತ್ತಿಸಬಹುದು, ಲೆಕ್ಕ ಕಲಿಸಲಾರದು. ಕ್ವಾಂಟಂ ಎಂಬ ಪದ ಹಚ್ಚಿ ಪದಕ, ನೀರು, ಚಿಕಿತ್ಸೆ ಮಾರುವವರೂ ಇದ್ದಾರೆ. ಅಂಥವರು ಎದುರಾದರೆ ಒಂದೇ ಪ್ರಶ್ನೆ ವಿನಯದಿಂದ ಕೇಳಿ: ಏನನ್ನು, ಹೇಗೆ ಅಳೆದಿರಿ?

ಮೂರು ನಾಲ್ಕು ಜನ ಗೆಳೆಯರು, ಗೆಳತಿಯರು ಸೇರಿ ವಾರಕ್ಕೊಂದು ಸಂಜೆ ಒಂದೇ ಪ್ರಶ್ನೆ ಹಿಡಿದು ಕೂರಿ. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ: ನನ್ನ ತರಗತಿಗಳಲ್ಲಿ ಗ್ರಾಫನ್ನು ಅತ್ಯಂತ ಅಚ್ಚುಕಟ್ಟಾಗಿ ಓದಿದವರು ನೀವು, ಕೈ ಎತ್ತಲು ಅತ್ಯಂತ ಹಿಂಜರಿದವರೂ ನೀವು. ಹಿಂಜರಿಯಬೇಡಿ.

ಈ ಪತ್ರವನ್ನು ನಿಮ್ಮ ಮನೆಯವರಿಗೂ ಮೇಷ್ಟ್ರುಗಳಿಗೂ ತೋರಿಸಿ. ತಂದೆತಾಯಂದಿರೇ, ಮಗು ಮಲ್ಟಿಮೀಟರ್ ಕೇಳಿದರೆ ಅದನ್ನು ಆಟದ ಸಾಮಾನು ಎಂದು ತಳ್ಳಿಹಾಕಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಎಲ್ಲರಿಗೂ ತೆರೆದಿಡುತ್ತದೆ. ಆ ದಿನ ಒಮ್ಮೆ ಕರೆದುಕೊಂಡು ಹೋಗಿ. ಅಧ್ಯಾಪಕ ಮಿತ್ರರೇ, ಅದೇ ಸಂಸ್ಥೆ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತದೆ, ಪ್ರಯೋಗ ಮಾಡಿಸಿ ಕಲಿಸುತ್ತದೆ. ದ್ವಿತೀಯ ಪಿಯುದ ಕೊನೆಯ ಅಧ್ಯಾಯಗಳನ್ನು ಪರೀಕ್ಷೆಯ ಅವಸರದಲ್ಲಿ ಓಡಿಸುವುದು ನಮಗೆಲ್ಲ ರೂಢಿಯಾಗಿದೆ. ಫೋಟಾನ್, ಪರಮಾಣು, ನ್ಯೂಕ್ಲಿಯಸ್, ಅರೆವಾಹಕ ಎಲ್ಲವೂ ಇರುವುದು ಅಲ್ಲೇ. ಅವಕ್ಕೆ ನಾಲ್ಕು ದಿನ ಹೆಚ್ಚು ಕೊಡಿ. ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ, “ಗೊತ್ತಿಲ್ಲ, ನೋಡಿ ಹೇಳ್ತೀನಿ” ಎಂದುಬಿಡಿ. ನಾನು ಆ ದಿನ ಹೇಳಬೇಕಿದ್ದ ಮಾತು ಅದೇ.

ಆ ಹುಡುಗನಿಗೆ ಈಗ ಐವತ್ತರ ಹತ್ತಿರ ವಯಸ್ಸಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನ ಹಳ್ಳಿಯ ಕಡೆ ಹೋದಾಗ ಫಲಕಗಳ ಸಾಲಿನ ಮೇಲೆ ಬಿಸಿಲು ಬಿದ್ದಿರುತ್ತದೆ. ನನಗೆ ಅವನ ಪ್ರಶ್ನೆ ಕೇಳಿಸುತ್ತದೆ. ನಿಮ್ಮಲ್ಲಿ ಯಾರಾದರೂ ಅವನ ಮಗನೋ ಮಗಳೋ ಆಗಿದ್ದರೆ, ಇವತ್ತು ಸಂಜೆ ಅಪ್ಪನ ಪಕ್ಕ ಕೂತು ಆ ಒಂದು ಭಾಗಾಕಾರ, ಎರಡು ಗುಣಾಕಾರ ಮಾಡಿ ತೋರಿಸಿ. ಕೊನೆಗೆ ಅವರ ಅಂಗೈಯಲ್ಲಿ ಮೂರು ಕಡಲೆಕಾಯಿ ಬೀಜ ಇಡಿ. ಉತ್ತರ ತಡವಾಯಿತು, ಮೇಷ್ಟ್ರು ಕ್ಷಮೆ ಕೇಳಿದರು ಎಂದು ಹೇಳಿ.

ಇತಿ ನಿಮ್ಮ ಶ್ರೇಯೋಭಿಲಾಷಿ,

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಮಧುಗಿರಿ